ಒಂದೇ ಕಾರು, ಮೂರು ಕೊಟೇಷನ್: ಡಿಸ್ಕೌಂಟ್ ನೋಡಬೇಡಿ, ವಿಮೆ ನೋಡಿ

ಕಳೆದ ದಸರಾ ಮುಂಚೆ ಕಾರಿಗೆ ಮೂರು ಕಡೆ ಕೊಟೇಷನ್ ತೆಗೆದೆ. ಮೈಸೂರಿನಲ್ಲಿ ಎರಡು ಶೋರೂಮ್, ಮಂಡ್ಯದಲ್ಲಿ ಒಂದು. ಕಂಪನಿ ಅದೇ, ಮಾಡೆಲ್ ಅದೇ, 1200 ಸಿಸಿ ಪೆಟ್ರೋಲ್, ಬಿಳಿ ಬಣ್ಣ. ಎಕ್ಸ್-ಶೋರೂಮ್ ಬೆಲೆ (ರಸ್ತೆ ತೆರಿಗೆ, ವಿಮೆ ಸೇರುವ ಮುಂಚಿನದು) ಮೂರೂ ಕಡೆ 8 ಲಕ್ಷ 60 ಸಾವಿರ. ಎಲ್ಲ ಸೇರಿ ಕೊನೆಗೆ ಕೊಡುವ ಆನ್-ರೋಡ್ ಬೆಲೆ ಮಾತ್ರ ಮೂರು ಥರ.

ಸರ್ಕಾರಕ್ಕೆ ಹೋಗುವ ದುಡ್ಡನ್ನು ಮೊದಲು ಲೆಕ್ಕದಿಂದ ಆಚೆ ಇಟ್ಟೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ 14%, ಅದರ ಮೇಲೆ ಸೆಸ್. ನನ್ನ ಕಾರಿಗೆ ಅದು 1 ಲಕ್ಷ 34 ಸಾವಿರದ ಹತ್ತಿರ. ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. (ಕಾರು 10 ಲಕ್ಷ ದಾಟಿದರೆ 1% ಟಿಸಿಎಸ್, ಅಂದರೆ ಮಾರುವವರು ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ, ಅಂತಲೂ ಹಾಕುತ್ತಾರೆ. ಅದು ಡೀಲರ್ ಜೇಬಿಗಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ನಿಮ್ಮ ಲೆಕ್ಕಕ್ಕೆ ಬರುತ್ತದೆ.) ಉಳಿದದ್ದೆಲ್ಲ ಡೀಲರ್ ಕೈಯಲ್ಲಿರುವುದು. ಹೋಲಿಸಬೇಕಾದದ್ದು ಅದನ್ನೇ.

ಮೈಸೂರಿನ ದೊಡ್ಡ ಶೋರೂಮ್: ಡಿಸ್ಕೌಂಟ್ 30,000. ಕೇಳಿದ ತಕ್ಷಣ ಖುಷಿಯಾಯಿತು. ಕೆಳಗೆ ನೋಡಿದರೆ ವಿಮೆ 46,200, ಹ್ಯಾಂಡ್ಲಿಂಗ್ ಚಾರ್ಜ್ (ಕಾರು ತರಿಸಿದ ಖರ್ಚಂತೆ) 8,500, ಮ್ಯಾಟು, ಮಡ್‌ಫ್ಲಾಪು, ಪರ್ಫ್ಯೂಮು ಎಲ್ಲ ಸೇರಿದ ಕಿಟ್ 11,900. ಡಿಸ್ಕೌಂಟ್ ಕಳೆದರೆ ನಿವ್ವಳ 36,600.

ಎರಡನೆಯದು: ಹ್ಯಾಂಡ್ಲಿಂಗ್ ಚಾರ್ಜೇ ಇಲ್ಲ ಅಂತ ಬಾಗಿಲಲ್ಲೇ ಬೋರ್ಡು. ಆದರೆ ವಿಮೆ 49,800, ಕಿಟ್ 7,000, ಡಿಸ್ಕೌಂಟ್ ಬರೀ 15,000. ಮೇಲೆ 'ಆರ್‌ಟಿಒ ಖರ್ಚು' 5,500. ನೋಂದಣಿ ಶುಲ್ಕ 600, ಸಾಲದ ನಮೂದಿಗೆ 1,500, ಸ್ಮಾರ್ಟ್ ಕಾರ್ಡಿಗೆ 200, ಅಲ್ಲಿಗೆ 2,300. ಮಿಕ್ಕ 3,200 ಯಾತಕ್ಕೆ ಅಂದರೆ "ಅದು ಹಂಗೇ ಸರ್" ಅಂದರು. ಸರ್ಕಾರಕ್ಕೆ ಹೋಗುವ 2,300 ಬಿಟ್ಟು ನಿವ್ವಳ 45,000. ಹ್ಯಾಂಡ್ಲಿಂಗ್ ಇಲ್ಲದ ಶೋರೂಮೇ ಎಲ್ಲಕ್ಕಿಂತ ದುಬಾರಿ!

ಮಂಡ್ಯದ್ದು: ಡಿಸ್ಕೌಂಟ್ 20,000, ವಿಮೆ 41,000, 'ಲಾಜಿಸ್ಟಿಕ್ಸ್' 5,000. ಕಿಟ್ ಬೇಕಾದ್ರೆ ತಗೊಳ್ಳಿ, ಬೇಡವಾದ್ರೆ ಬಿಡಿ. ಕಿಟ್ ಬಿಟ್ಟರೆ ನಿವ್ವಳ 26,000.

ದೊಡ್ಡ ಶೋರೂಮಿಗೆ ವಾಪಸ್ ಹೋಗಿ ಹ್ಯಾಂಡ್ಲಿಂಗ್ ತೆಗೀರಿ ಅಂದೆ. ಕಾರನ್ನು ಶೋರೂಮಿಗೆ ತರುವ ಖರ್ಚು ಎಕ್ಸ್-ಶೋರೂಮ್ ಬೆಲೆಯಲ್ಲೇ ಇರುತ್ತದೆ, ಮತ್ತೆ ನಾನು ಯಾಕೆ ಕೊಡಲಿ? ಮ್ಯಾನೇಜರ್ ಕೆಂಪು ಪೆನ್ ತೆಗೆದು ಆ ಸಾಲಿನ ಮೇಲೆ ದೊಡ್ಡದಾಗಿ ಗೀಟು ಎಳೆದರು, ನನಗೆ ಕಾಣುವ ಹಾಗೆ ಶೀಟು ತಿರುಗಿಸಿದರು, ಕಾಫಿ ಬೇರೆ ತರಿಸಿದರು. ಹೊಸ ಪ್ರಿಂಟ್ ಬಂದಾಗ ನೋಡಿದರೆ ಡಿಸ್ಕೌಂಟ್ 24,000 ಆಗಿತ್ತು. 8,500 ಬಿಟ್ಟು 6,000 ವಾಪಸ್ ತೆಗೆದುಕೊಂಡಿದ್ದರು! ನನಗೆ ಉಳಿದದ್ದು 2,500. ಆವತ್ತಿನಿಂದ ಒಂದೊಂದು ಸಾಲಿಗೆ ಜಗಳ ಆಡುವುದು ಬಿಟ್ಟು ಕೆಳಗಿನ ಮೊತ್ತ ಮಾತ್ರ ನೋಡಿದೆ.

ನಿಜವಾದ ದುಡ್ಡು ಇರುವುದು ವಿಮೆಯಲ್ಲಿ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ) ಕಡ್ಡಾಯ, ಅದರ ದರ ಎಲ್ಲ ಕಂಪನಿಗೂ ಒಂದೇ. ನನ್ನ ಕಾರಿಗೆ 10,640, ಜೊತೆಗೆ ಜಿಎಸ್‌ಟಿ. ಹೆಚ್ಚು ಕಮ್ಮಿ ಆಗುವುದು ಸ್ವಂತ ಹಾನಿಯ ಭಾಗ, ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೈಮ್ ಕೊಡುವುದು), ಇಂಜಿನ್ ಪ್ರೊಟೆಕ್ಟ್ ಇಂಥ ಆಡ್-ಆನ್‌ಗಳಲ್ಲಿ. ಹೊರಗೆ ಆನ್‌ಲೈನ್‌ನಲ್ಲಿ ಅದೇ ಐಡಿವಿ (ಕಾರು ಕಳುವಾದರೆ, ಪೂರ್ತಿ ಹಾಳಾದರೆ ವಿಮೆಯಿಂದ ಸಿಗುವ ಗರಿಷ್ಠ ಮೊತ್ತ), ಅದೇ ಆಡ್-ಆನ್‌ಗಳಿಗೆ 31,400 ತೋರಿಸಿತು. 26,000ಕ್ಕೂ ಒಂದು ಸಿಕ್ಕಿತ್ತು. ಬಿಚ್ಚಿ ನೋಡಿದರೆ ಐಡಿವಿಯನ್ನೇ ಒಂದು ಲಕ್ಷದಷ್ಟು ಇಳಿಸಿದ್ದರು. ಅಂಥದ್ದು ಬೇಡ.

ವಿಮೆ ಎಲ್ಲಿ ಬೇಕಾದರೂ ಕೊಳ್ಳಬಹುದು, ಡೀಲರ್ ಹತ್ತಿರವೇ ಮಾಡಿಸಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಅವರಿಗೂ ಇದು ಗೊತ್ತು, ಅದಕ್ಕೇ ನೇರವಾಗಿ ಆಗಲ್ಲ ಅನ್ನುವುದಿಲ್ಲ. ಎರಡನೇ ಶೋರೂಮಿನವರು ಹೊರಗಿನ ವಿಮೆ ಆದರೆ ಡಿಸ್ಕೌಂಟ್ ಇಲ್ಲ ಅಂದರು. ದೊಡ್ಡ ಶೋರೂಮಿನವರು ಕ್ಯಾಶ್‌ಲೆಸ್ (ರಿಪೇರಿ ಬಿಲ್ ವಿಮಾ ಕಂಪನಿಯೇ ನೇರವಾಗಿ ಕಟ್ಟುವುದು) ಸಿಗಲ್ಲ ಸರ್ ಅಂತ ಹೆದರಿಸಿದರು. ವಿಮಾ ಕಂಪನಿಗೆ ಫೋನ್ ಮಾಡಿ ಕೇಳಿದರೆ ಆ ಶೋರೂಮಿನದೇ ವರ್ಕ್‌ಶಾಪ್ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆ! ಇದನ್ನು ಹೇಳಿದ ಮೇಲೆ ಹೊಸ ವರಸೆ: ಪಾಲಿಸಿಗೆ ಬೇಕಾದ ಚಾಸಿಸ್ ನಂಬರ್ ಪೂರ್ತಿ ದುಡ್ಡು ಕಟ್ಟಿದ ಮೇಲೇ ಕೊಡೋದು. ಕೊನೆಗೆ ಮಂಡ್ಯದ ಶೀಟು ತೋರಿಸಿದಾಗ ಒಪ್ಪಿದರು, ಆದರೆ ಡಿಸ್ಕೌಂಟ್ 15,000ಕ್ಕೆ ಇಳಿಯಿತು. ಹೊರಗಿನ ವಿಮೆ 31,400, ಬರೀ ಮ್ಯಾಟಿಗೆ 2,200 ಸೇರಿಸಿ, ಡಿಸ್ಕೌಂಟ್ ಕಳೆದರೆ 18,600.

ಮಂಡ್ಯದಲ್ಲಿ ಲಾಜಿಸ್ಟಿಕ್ಸ್ ವಿಷಯ ಎತ್ತಿದೆ. "ಇದಕ್ಕೆ ಜಿಎಸ್‌ಟಿ ಹಾಕಿ ಬೇರೆ ಬಿಲ್ ಕೊಡ್ತೀರಾ?" ಅಂದೆ ಅಷ್ಟೇ. ಅಲ್ಲಿದ್ದ ಹಿರಿಯರು ನಕ್ಕು, "ಬಿಡಿ ಸ್ವಾಮಿ, ಅದೊಂದನ್ನ ಹಿಡ್ಕೊಂಡು ಯಾಕೆ ಕೂತ್ಕೋತೀರಾ" ಅಂತ ತೆಗೆದೇಬಿಟ್ಟರು. ಡಿಸ್ಕೌಂಟ್ ಮುಟ್ಟಲಿಲ್ಲ. ಬುಕಿಂಗ್ ದುಡ್ಡು ಕಟ್ಟಿದ್ದಕ್ಕೇ, ಕಾರು ಬಂದ ದಿನ ಚಾಸಿಸ್ ನಂಬರ್ ವಾಟ್ಸಾಪ್‌ನಲ್ಲಿ ಕಳಿಸಿದರು, ಹತ್ತು ನಿಮಿಷದಲ್ಲಿ ಪಾಲಿಸಿ ಕೈಗೆ ಬಂತು. 31,400ರಲ್ಲಿ 20,000 ಕಳೆದರೆ 11,400.

ಹಾಗಂತ ಅಲ್ಲಿ ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಬಿಳಿ ಕಾರಿಗೆ ಮೂರು ವಾರ ಕಾದೆ, ದಸರಾ ಮುಗಿದೇ ಹೋಯಿತು, ಮನೆಯವರ ಕೈಲಿ ಬೈಸಿಕೊಂಡಿದ್ದೂ ಆಯಿತು. ಓಡಾಟಕ್ಕೆ ಎರಡು ದಿನ ರಜೆ ಹೋಯಿತು. ಪುರುಸೊತ್ತು ಇಲ್ಲದವರು ದೊಡ್ಡ ಶೋರೂಮಿನ 18,600ಕ್ಕೆ ಒಪ್ಪಿದರೂ ನಷ್ಟವೇನಿಲ್ಲ ಅನ್ನಿಸುತ್ತದೆ. ಎರಡನೆಯದಕ್ಕೆ ಮಾತ್ರ ನಾನು ಯಾರನ್ನೂ ಕಳಿಸುವುದಿಲ್ಲ.

ಮೊದಲ ಫ್ರೀ ಸರ್ವಿಸ್‌ಗೆ ಕಾರು ಬಿಟ್ಟಿದ್ದು ಮೈಸೂರಿನ ದೊಡ್ಡ ಶೋರೂಮಿನ ವರ್ಕ್‌ಶಾಪಿನಲ್ಲೇ. ಎಲ್ಲಿ ಕೊಂಡಿರಿ ಅಂತ ಯಾರೂ ಕೇಳಲಿಲ್ಲ.