ಆರು ವರ್ಷ, ನಾಲ್ಕು ಕರೆ: ರಸ್ತೆ ನೆರವಿನ ಸದಸ್ಯತ್ವಕ್ಕೆ ಕೊಟ್ಟ ದುಡ್ಡು ದಕ್ಕಿತೇ?

ದಾರಿಯಲ್ಲಿ ಕಾರು ಕೆಟ್ಟರೆ ಬಂದು ಸರಿಮಾಡುವ, ಇಲ್ಲವೇ ಗ್ಯಾರೇಜಿಗೆ ಎಳೆದೊಯ್ಯುವ (ಟೋಯಿಂಗ್) ಸೇವೆಗೆ ನಾನು ಸದಸ್ಯ. ನವೀಕರಣದ ಸಂದೇಶ ಬಂದಾಗಲೆಲ್ಲ ಹಿಂದೆಮುಂದೆ ನೋಡದೆ ಹಣ ಕಟ್ಟುತ್ತಿದ್ದವನು ನಾನು. ಈ ಸಲ ಮಾತ್ರ ಲೆಕ್ಕಕ್ಕೆ ಕುಳಿತೆ. ಆರು ವರ್ಷದ ಶುಲ್ಕ ಕೂಡಿಸಿದರೆ ದೂರದ ಎರಡು ಟೋಯಿಂಗ್‌ಗೆ ಆಗುವಷ್ಟು ಮೊತ್ತ. ನಾನು ಕರೆ ಮಾಡಿದ್ದು ನಾಲ್ಕು ಬಾರಿ, ಕಾರನ್ನು ಹೊತ್ತೊಯ್ದದ್ದು ಒಂದೇ ಬಾರಿ. ಬರೀ ಅಂಕಿಯಲ್ಲಿ ನೋಡಿದರೆ ನಷ್ಟವೇ.

ಮೊದಲ ಕರೆ ಬ್ಯಾಟರಿಗಾಗಿ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಬಂದ ಮೆಕ್ಯಾನಿಕ್ ಮೀಟರ್ ಹಿಡಿದು 11.4 ವೋಲ್ಟ್ ತೋರಿಸಿದ. ಪೂರ್ತಿ ಚಾರ್ಜ್ ಆಗಿರುವ ಬ್ಯಾಟರಿ ಸುಮ್ಮನೆ ನಿಂತಾಗ 12.6ರ ಆಸುಪಾಸಿನಲ್ಲಿರಬೇಕು. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುವ ವಸ್ತುವನ್ನು ನಾನು ಆರನೇ ವರ್ಷಕ್ಕೂ ಎಳೆದಿದ್ದೆ. ಹತ್ತು ನಿಮಿಷದಲ್ಲಿ ಕಾರು ಚಾಲೂ ಆಯಿತು. ಆದರೆ ಸತ್ತ ಬ್ಯಾಟರಿಗೆ ಕರೆಂಟ್ ಕೊಟ್ಟು ಎಂಜಿನ್ ಚಾಲೂ ಮಾಡಲು ಅವನು ಬಳಸಿದ ಜಂಪ್ ಸ್ಟಾರ್ಟರ್ ದಪ್ಪ ಪುಸ್ತಕದಷ್ಟಿತ್ತು, ಅಷ್ಟೇ. ಮರುವಾರ ಅಂಥದ್ದೇ ಒಂದನ್ನು ಕೊಂಡು ಡಿಕ್ಕಿಯಲ್ಲಿಟ್ಟೆ. ಆ ಕಾರಣಕ್ಕೆ ಮತ್ತೆ ಯಾರನ್ನೂ ಕರೆದಿಲ್ಲ.

ಎರಡನೆಯದು ಪಂಕ್ಚರ್. ಇದನ್ನು ಬರೆಯಲು ನಾಚಿಕೆ: ಸ್ಟೆಪ್ನಿ ಇತ್ತು, ಅದರಲ್ಲಿ ಗಾಳಿ ಇರಲಿಲ್ಲ. ಅವರ ತಪ್ಪೇನೂ ಇಲ್ಲ.

ಮೂರನೆಯದೇ ಅಸಲಿ ಪರೀಕ್ಷೆ. ರಾತ್ರಿ ಹೆದ್ದಾರಿಯಲ್ಲಿ ರೇಡಿಯೇಟರ್‌ನ ಹೋಸ್ ಪೈಪ್ ಒಡೆಯಿತು, ಬಾನೆಟ್‌ನಿಂದ ಹಬೆ ಎದ್ದಿತು, ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ರಸ್ತೆಯಂಚಿನ ಕಬ್ಬಿಣದ ತಡೆಗೆ ಮೂತಿ ಮಾಡಿ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಆ್ಯಪ್ ನಲವತ್ತು ನಿಮಿಷ ಎಂದಿತು. ಬಂದದ್ದು ಎರಡು ಗಂಟೆ ಹತ್ತು ನಿಮಿಷಕ್ಕೆ. ಕಾಯುತ್ತಾ ಮೊಬೈಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ 1905ರಲ್ಲಿ ಹುಟ್ಟಿದ್ದು ಕೆಟ್ಟ ಕಾರು ಎಳೆಯಲಿಕ್ಕಲ್ಲವಂತೆ, ವೇಗದ ಸವಾರರನ್ನು ಹಿಡಿಯಲು ಪೊಲೀಸರು ಎಲ್ಲಿ ಹೊಂಚು ಹಾಕಿದ್ದಾರೆಂದು ಸದಸ್ಯರಿಗೆ ಸುಳಿವು ಕೊಡಲಿಕ್ಕಂತೆ. ಆ ಕತ್ತಲಲ್ಲಿ ಪೊಲೀಸರು ಬಂದಿದ್ದರೂ ನನಗೆ ಸಂತೋಷವೇ ಆಗುತ್ತಿತ್ತು.

ಕೊನೆಗೆ ಬಂದದ್ದು ಕೊಕ್ಕೆಯ ಗಾಡಿ. ಹಿಂದಿನಿಂದ ಎತ್ತಿ ಎಳೆಯುತ್ತೇನೆ ಎಂದ ಚಾಲಕ. ನನ್ನದು ಆಟೊಮ್ಯಾಟಿಕ್, ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಎಂಜಿನ್ ನಿಂತಿರುವಾಗ ಆ ಚಕ್ರಗಳು ನೆಲದ ಮೇಲೆ ಉರುಳುತ್ತಾ ಹೋದರೆ ಗೇರ್‌ಬಾಕ್ಸ್‌ನೊಳಗೆ ಎಣ್ಣೆಯ ಪಂಪ್ ಓಡುವುದಿಲ್ಲ, ಒಣ ತಿಕ್ಕಾಟಕ್ಕೆ ಅದು ಹಾಳಾಗುತ್ತದೆ. ಪೈಪಿನ ರಿಪೇರಿಗೆ ಹೊರಟು ಗೇರ್‌ಬಾಕ್ಸ್ ಕಳೆದುಕೊಳ್ಳುವ ಬಾಬತ್ತು. ಬೇಡ ಎಂದೆ. ಸ್ವಲ್ಪ ಗೊಣಗಿದ, ಆಮೇಲೆ ಅವನೇ ಫೋನ್ ಮಾಡಿ, ಕಾರನ್ನು ಇಡಿಯಾಗಿ ಬೆನ್ನ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ತರಿಸಿದ. ವಿದ್ಯುತ್ ಕಾರಿನವರಿಗೂ ಇದೇ ಮಾತು: ಚಕ್ರ ತಿರುಗಿದರೆ ಮೋಟಾರ್ ಕೂಡ ತಿರುಗಿ ವಿದ್ಯುತ್ ಹುಟ್ಟಿಸಿ ಹಾನಿ ಮಾಡಬಹುದು, ಆದ್ದರಿಂದ ನಾಲ್ಕೂ ಚಕ್ರ ಮೇಲೆಯೇ ಇರಬೇಕು.

ಎರಡನೇ ಗಾಡಿಯವನ ಕೆಲಸ ನೋಡಬೇಕಿತ್ತು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಕಾರಿನಡಿ ತೂರಿ ಕೊಕ್ಕೆ ಸಿಕ್ಕಿಸಿದ. ಗಾಡಿಯ ವಿಂಚಿನ (ಎಳೆಯುವ ರಾಟೆಯ) ತಂತಿ ಬಿಗಿಯಾಗಿ, ಕಾರು ಅಂಗುಲ ಅಂಗುಲವಾಗಿ ಇಳಿಜಾರು ಹತ್ತಿತು. ನಾಲ್ಕೂ ಟೈರ್‌ಗಳಿಗೆ ಪಟ್ಟಿ ಬಿಗಿದು, ಹೊರಡುವ ಮೊದಲು ಪ್ರತಿ ಮೂಲೆಯ ಗೀರುಗಳ ಫೋಟೊ ತೆಗೆದ. ನಾನೂ ತೆಗೆದುಕೊಂಡೆ. ಗ್ಯಾರೇಜ್ 68 ಕಿಲೋಮೀಟರ್ ದೂರ, ನನ್ನ ಯೋಜನೆಯಲ್ಲಿ ಉಚಿತ ಮಿತಿ 50. ಉಳಿದ 18ಕ್ಕೆ ಕೈಯಿಂದ ಕೊಟ್ಟೆ. ಹಾಗಿದ್ದರೂ, ಸದಸ್ಯತ್ವ ಇಲ್ಲದೆ ಆ ಹೊತ್ತಿನಲ್ಲಿ ಗಾಡಿ ಹುಡುಕಿ ಚೌಕಾಸಿ ಮಾಡುವ ಶಕ್ತಿ ನನಗಿರಲಿಲ್ಲ.

ನಾಲ್ಕನೇ ಕರೆಗೆ ಇಲ್ಲವೆಂದರು. ಅಂದು ಓಡಿಸುತ್ತಿದ್ದದ್ದು ಭಾವನ ಕಾರು, ನನ್ನ ಸದಸ್ಯತ್ವ ಇದ್ದದ್ದು ನನ್ನ ಕಾರಿಗೆ. ಕೆಲವು ಯೋಜನೆಗಳು ವ್ಯಕ್ತಿಗೆ ಅಂಟಿಕೊಂಡಿರುತ್ತವೆ, ಯಾವ ಕಾರಿನಲ್ಲಿದ್ದರೂ ಬರುತ್ತಾರೆ. ಕೆಲವು ವಾಹನದ ನೋಂದಣಿ ಸಂಖ್ಯೆಗೆ. ನಾಲ್ಕು ವರ್ಷ ಹಣ ಕಟ್ಟಿದ ಮೇಲೆ ನನಗಿದು ತಿಳಿಯಿತು, ಅದೂ ಮಳೆಯಲ್ಲಿ ನಿಂತು.

ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ವಿಮೆಯ ಕಾಗದ ತಿರುವಿದಾಗ, ಎರಡು ವರ್ಷ ಅದರಲ್ಲೂ ಇದೇ ಸೇವೆಗೆ ಪ್ರತ್ಯೇಕ ಸಾಲಿನಲ್ಲಿ ಹಣ ಕಟ್ಟಿದ್ದೆ! ಹೊಸ ಕಾರಿನ ವಾರಂಟಿಯಲ್ಲಿಯೂ ಎಷ್ಟೋ ಸಲ ಇದು ಸೇರಿರುತ್ತದೆ. ಸದಸ್ಯರಾಗುವ ಮೊದಲು ಈ ಎರಡು ಕಾಗದ ಓದಿ. ಆಮೇಲೆ ಷರತ್ತುಗಳಲ್ಲಿ ನೋಡಬೇಕಾದ್ದು: ವರ್ಷಕ್ಕೆ ಎಷ್ಟು ಕರೆ, ಎಳೆಯುವ ದೂರ ಎಷ್ಟು, ಸೇರಿದ ಎಷ್ಟು ದಿನಕ್ಕೆ ಸೇವೆ ಶುರು. ಇಂಧನ ತಂದುಕೊಡುವುದು ಉಚಿತ ಎಂದಿದ್ದರೂ ಇಂಧನದ ಬೆಲೆ ನಿಮ್ಮದೇ ಆಗಿರುವುದು ಹೆಚ್ಚು. ಬಿಡಿಭಾಗಗಳೂ ಅಷ್ಟೇ.

ಹೀಗಾಗಿ ನನ್ನ ಪಾಲಿಗೆ ಈ ಸೇವೆಯ ಬೆಲೆ ಇರುವುದು ಟೋಯಿಂಗ್‌ನಲ್ಲಿ ಮಾತ್ರ. ಬ್ಯಾಟರಿ, ಟೈರ್, ಗಾಳಿ ಇವನ್ನು ನಾನೇ ನೋಡಿಕೊಳ್ಳಬಲ್ಲೆ. ಮೈಕೈ ನೋವಿನವರಿಗೆ, ಒಂಟಿಯಾಗಿ ರಾತ್ರಿ ಪ್ರಯಾಣಿಸುವವರಿಗೆ ಲೆಕ್ಕ ಬೇರೆಯಾದೀತು. ಹೆಂಡತಿಯ ಹೊಸ ಕಾರು ಇನ್ನೂ ವಾರಂಟಿಯಲ್ಲಿದೆ, ಅದಕ್ಕೆ ಕಟ್ಟಲಿಲ್ಲ. ನನ್ನ ಹಳೆಯದಕ್ಕೆ ನವೀಕರಿಸಿದೆ, ಎಳೆಯುವ ದೂರ ಹೆಚ್ಚಿರುವ ಯೋಜನೆಗೆ ಬದಲಾಯಿಸಿಕೊಂಡೆ. ಹಣ ಕಟ್ಟುವ ಮೊದಲು ಫೋನ್ ಮಾಡಿ, ಕೊಕ್ಕೆಯ ಗಾಡಿ ಬೇಡ, ಫ್ಲಾಟ್‌ಬೆಡ್ಡೇ ಬೇಕು ಎಂದು ನನ್ನ ಖಾತೆಯಲ್ಲಿ ಬರೆಸಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಎರಡು ಗಂಟೆ ಕಳೆದರೂ ಪರದೆಯ ಮೇಲೆ ಅಲುಗದೆ ನಿಂತಿದ್ದ ಆ ನಲವತ್ತು ನಿಮಿಷಕ್ಕೆ ಒಂದು ಅಂಕ ಕಳೆದಿದ್ದೇನೆ, ಉಳಿದ ಅರ್ಧ ಭಾವನ ಕಾರಿಗೆ.