ನಾಲ್ಕು ಸಲ ಸರಿ ಹೇಳಿದವನಿಗೆ ಐದನೇ ಸಲ ದುಡ್ಡು ಕಟ್ಟಬೇಡಿ

ಅಮೆರಿಕಕ್ಕೆ ಹೊಸದಾಗಿ ಬಂದಿರೋ ನಮ್ಮವರು ಇದನ್ನು ಮಾರ್ಚ್ ಬರೋ ಮೊದಲೇ ಓದಿಬಿಡಿ. ಯಾವ ತಂಡ ಗೆಲ್ಲುತ್ತೆ ಅಂತ ಮೊದಲೇ ಹೇಳೋ ಟೆಲಿಗ್ರಾಮ್‌ನವನೊಬ್ಬನ ಮಾತು ಕೇಳಿ, 2023ರಲ್ಲಿ ಎರಡೇ ವಾರದಲ್ಲಿ ನನ್ನ 650 ಡಾಲರ್ ಹೋಯಿತು. ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲ ಅಂತ ಹೋಗಿದ್ದಲ್ಲ, ನನಗೆಲ್ಲಾ ಗೊತ್ತು ಅಂದವನನ್ನು ನಂಬಿದ್ದಕ್ಕೆ ಹೋಗಿದ್ದು.

ಮಾರ್ಚ್ ಬಂದರೆ ಇಲ್ಲಿನ ಆಫೀಸುಗಳಲ್ಲಿ ಬ್ರಾಕೆಟ್ ಹುಚ್ಚು. ಎನ್‌ಸಿಎಎ ಅನ್ನೋ ಕಾಲೇಜು ಕ್ರೀಡಾ ಸಂಸ್ಥೆ ನಡೆಸೋ ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ 68 ತಂಡ ಬರುತ್ತವೆ, ಡೇಟನ್‌ನಲ್ಲಿ ನಾಲ್ಕು ಪಂದ್ಯ ಆಡಿಸಿ 64ಕ್ಕೆ ಇಳಿಸುತ್ತಾರೆ, ಆಮೇಲೆ ಒಂದು ಸೋತರೆ ಮನೆಗೆ. ಉಳಿದ 63 ಪಂದ್ಯ ಯಾರು ಗೆಲ್ಲುತ್ತಾರೆ ಅಂತ ಮೊದಲೇ ತುಂಬಿಕೊಡೋ ಹಾಳೆಯೇ ಬ್ರಾಕೆಟ್. ನಮ್ಮ ಆಫೀಸಿನಲ್ಲಿ ಹತ್ತು ಡಾಲರ್ ಹಾಕಿ ಆಡುತ್ತಾರೆ, ಅದು ಮಜಾ, ಅದರ ತಂಟೆಗೆ ನಾನು ಬರಲ್ಲ.

ನಾನಿರೋದು ಓಹಾಯೋದ ಕೊಲಂಬಸ್‌ನಲ್ಲಿ. ಇಲ್ಲಿ ಆಟದ ಮೇಲೆ ಬೆಟ್ಟಿಂಗ್ ಕಾನೂನುಬದ್ಧವಾಗಿದ್ದು 2023ರ ಜನವರಿ 1ರಿಂದ. ಟಿವಿ ಹಾಕಿದರೆ ಅದರದೇ ಜಾಹೀರಾತು. ಆ ಗಾಳಿಯಲ್ಲೇ ನಾನೊಂದು ಟೆಲಿಗ್ರಾಮ್ ಚಾನೆಲ್‌ಗೆ ಸೇರಿದೆ. ಮಾರ್ಚ್ ಮೊದಲ ವಾರದಿಂದ ಅದನ್ನು ನಡೆಸೋನು ನನಗೆ ನೇರವಾಗಿ, ಫ್ರೀಯಾಗಿ, ಒಂದೊಂದು ಪಂದ್ಯದ ಫಲಿತಾಂಶ ಆಟಕ್ಕೆ ಮೊದಲೇ ಕಳಿಸುತ್ತಾ ಬಂದ. ಮೊದಲನೇದು ಸರಿ. ಎರಡನೇದೂ ಸರಿ. ನಾಲ್ಕನೇದೂ ಸರಿಯಾದಾಗ ನಾನು ರಾತ್ರಿ ಅಡುಗೆಮನೆಯಲ್ಲಿ ನಿಂತು ಹೆಂಡತಿಗೆ ಫೋನ್ ತೋರಿಸಿ "ನೋಡೇ, ಇವನ ಹತ್ರ ಏನೋ ಇದೆ" ಅಂದಿದ್ದೆ. ಅವಳು ಸೌಟು ಕೆಳಗಿಡದೇ "ಅಷ್ಟು ಗೊತ್ತಿದ್ರೆ ಅವನ್ಯಾಕೆ ನಿಂಗೆ ಹೇಳ್ತಾನೆ" ಅಂದಳು. ಆ ಒಂದು ಮಾತು ಕೇಳಿದ್ದರೆ ಈ ಬರಹವೇ ಬೇಕಿರಲಿಲ್ಲ.

200 ಡಾಲರ್ ಕಟ್ಟಿ "ಪಕ್ಕಾ ಬ್ರಾಕೆಟ್" ತಗೊಂಡೆ. ಅದರಲ್ಲಿ ಚಾಂಪಿಯನ್ ಪರ್ಡೂ ವಿಶ್ವವಿದ್ಯಾಲಯದ ತಂಡ. ನಂಬೋ ಹಾಗೇ ಇತ್ತು ಕೂಡ: ಒಂದನೇ ಸೀಡ್ (ತಂಡಗಳನ್ನು ನಾಲ್ಕು ಗುಂಪು ಮಾಡಿ, ಒಂದೊಂದರಲ್ಲೂ ಬಲದ ಪ್ರಕಾರ 1ರಿಂದ 16ರವರೆಗೆ ಕೊಡೋ ನಂಬರೇ ಸೀಡ್), ಏಳು ಅಡಿ ನಾಲ್ಕು ಇಂಚಿನ ಜ್ಯಾಕ್ ಈಡಿ ಇರೋ ತಂಡ. ಮಾರ್ಚ್ 17ರ ಶುಕ್ರವಾರ ನಮ್ಮೂರಲ್ಲೇ ಅವರ ಮೊದಲ ಪಂದ್ಯ, 16ನೇ ಸೀಡ್ ಫೇರ್‌ಲೀ ಡಿಕಿನ್ಸನ್ ಎದುರು. ಫೇರ್‌ಲೀ ಡಿಕಿನ್ಸನ್ ತನ್ನ ಕಾನ್ಫರೆನ್ಸ್, ಅಂದರೆ ತಾನು ಆಡೋ ಲೀಗಿನ, ಫೈನಲ್ಲನ್ನೇ ಸೋತಿದ್ದ ತಂಡ. ಗೆದ್ದ ಮೆರಿಮ್ಯಾಕ್‌ಗೆ ಆಡೋ ಅರ್ಹತೆ ಇರಲಿಲ್ಲ ಅಂತ ಇವರಿಗೆ ಜಾಗ ಸಿಕ್ಕಿತ್ತು. ಕಾಲೇಜು ಆಟದ ಮೇಲಿನ ದರ್ಜೆಯಾದ ಇಡೀ ಡಿವಿಷನ್ ಒಂದರಲ್ಲೇ ಅತಿ ಕುಳ್ಳ ತಂಡ ಬೇರೆ. ಗೆದ್ದಿದ್ದು ಅವರೇ, 63–58. ಕೊಲಂಬಸ್‌ನದೇ ಹುಡುಗ ಶಾನ್ ಮೂರ್ 19 ಪಾಯಿಂಟ್ ಹೊಡೆದ. ಪುರುಷರ ಟೂರ್ನಿಯಲ್ಲಿ 16ನೇ ಸೀಡ್ ಒಂದನೇ ಸೀಡನ್ನು ಸೋಲಿಸಿದ್ದು ಅದು ಎರಡನೇ ಸಲ ಮಾತ್ರ, ಮೊದಲನೇದು 2018ರಲ್ಲಿ ವರ್ಜೀನಿಯಾಗೆ ಆಗಿತ್ತು. ಊರೆಲ್ಲಾ ಕುಣೀತಿದ್ದರೆ ನಾನು ಸೋಫಾದ ಮೇಲೆ ಕೂತು ಸತ್ತುಹೋದ ಬ್ರಾಕೆಟ್ ನೋಡ್ತಿದ್ದೆ.

ಇದಕ್ಕೆ ಅವನನ್ನು ಬೈಯೋದು ತಪ್ಪು, ಯಾರೂ ಊಹಿಸಿರಲಿಲ್ಲ. 63 ಪಂದ್ಯ ಬರೀ ನಾಣ್ಯ ಚಿಮ್ಮಿ ಹೇಳಿದರೆ ಎಷ್ಟು ಥರದ ಬ್ರಾಕೆಟ್ ಆಗುತ್ತೆ ಗೊತ್ತಾ, 9ರ ಮುಂದೆ 18 ಸೊನ್ನೆ ಹಾಕಿದರೂ ಇನ್ನೂ ಸ್ವಲ್ಪ ಜಾಸ್ತಿ. ಲೆಕ್ಕಕ್ಕೆ ಸಿಕ್ಕ ದಾಖಲೆ ಅಂದರೆ 2019ರಲ್ಲಿ ಇದೇ ಕೊಲಂಬಸ್‌ನವರೊಬ್ಬರು ಮೊದಲ 49 ಪಂದ್ಯ ಸರಿ ಹೇಳಿದ್ದು. 50ನೇದು ಕೈಕೊಟ್ಟಿತು. ಕೈಕೊಡಿಸಿದ್ದು ಯಾರು? ಪರ್ಡೂ ಗೆದ್ದಿದ್ದು!

ಬೈಬೇಕಾಗಿದ್ದು ಆಮೇಲೆ ನಡೆದದ್ದಕ್ಕೆ. ದುಡ್ಡು ವಾಪಸ್ ಕೇಳಿದೆ. "ರೀಫಂಡ್ ಇಲ್ಲ ಬ್ರದರ್, ಆದರೆ ಒಂದು ಸ್ಪೆಷಲ್ ಇದೆ, 150 ಡಾಲರ್, ಹೋಗಿದ್ದೆಲ್ಲಾ ಬರುತ್ತೆ." ಕಟ್ಟಿದೆ. ಹೌದು, ಕಟ್ಟಿದೆ, ನಗಬೇಡಿ. ಹೂಸ್ಟನ್ ಮಯಾಮಿಯನ್ನು ಸೋಲಿಸುತ್ತೆ ಅಂದ. ಬೆಟ್ಟಿಂಗ್ ಆ್ಯಪ್‌ನಲ್ಲಿ 300 ಹಾಕಿದೆ. ಮಾರ್ಚ್ 24ರ ರಾತ್ರಿ ಹೂಸ್ಟನ್ 89–75ಕ್ಕೆ ಸೋತಿತು. ಅದೇ ರಾತ್ರಿ ಅಲಬಾಮಾ ಕೂಡ ಹೋಗಿ, ನಾಲ್ಕೂ ಒಂದನೇ ಸೀಡುಗಳು ಮನೆ ಸೇರಿದ್ದವು.

ಮರುದಿನ ಶನಿವಾರ ಗೆಳೆಯರೆಲ್ಲಾ ಸೇರಿ ಯುಗಾದಿ ಊಟ ಇಟ್ಟುಕೊಂಡಿದ್ದೆವು. ಎಲೆ ಮುಂದೆ ಕೂತಾಗ ಪಕ್ಕದಲ್ಲಿದ್ದ ಗೆಳೆಯ ಒಬ್ಬಟ್ಟು ಮುರೀತಾ ಹೇಳಿದ, "ಗುರೂ, ನಿನ್ನೆ ಮಯಾಮಿ ಮೇಲೆ ಹಾಕಿದ್ದೆ, ಸಖತ್ ದುಡ್ಡು ಬಂತು, ಟೆಲಿಗ್ರಾಮ್‌ನಲ್ಲಿ ಒಬ್ಬ ಹೇಳಿದ್ದ." ಫೋನ್ ಈಸ್ಕೊಂಡು ನೋಡಿದೆ. ಅದೇ ಚಾನೆಲ್. ಅದೇ ಫೋಟೋ. ಅದೇ "ಬ್ರದರ್". ನನಗೆ ಬಂದ ಮೆಸೇಜೇ, ಕೊನೇ ಬೆಂಕಿ ಇಮೋಜಿ ಸಮೇತ. ಹೂಸ್ಟನ್ ಇದ್ದ ಜಾಗದಲ್ಲಿ ಮಯಾಮಿ, ಅಷ್ಟೇ.

ಅಲ್ಲೇ ಲೆಕ್ಕ ಹಾಕಿದೆವು. ಸುಮ್ನೆ ಉದಾಹರಣೆಗೆ 800 ಜನ ಅಂದುಕೊಳ್ಳಿ. 400 ಜನಕ್ಕೆ ಈ ತಂಡ ಗೆಲ್ಲುತ್ತೆ ಅಂತಾನೆ, 400 ಜನಕ್ಕೆ ಆ ತಂಡ. ತಪ್ಪು ಹೋದವರನ್ನು ಮರೆತುಬಿಡ್ತಾನೆ. ಉಳಿದ 400ರಲ್ಲಿ ಮತ್ತೆ ಅರ್ಧರ್ಧ. ನಾಲ್ಕು ಪಂದ್ಯ ಆಗೋ ಹೊತ್ತಿಗೆ 50 ಜನ ಉಳೀತಾರೆ, ಅವರ ಪಾಲಿಗೆ ಅವನು ದೇವರು. ಆ 50 ಜನ ತಲಾ 200 ಕಟ್ಟಿದರೆ ಹತ್ತು ಸಾವಿರ ಡಾಲರ್. ಇದಕ್ಕೆ ಅವನು ಒಂದು ಪಂದ್ಯವನ್ನೂ ನೋಡಬೇಕಾಗಿಲ್ಲ. ನಾನು ಆ 50ರಲ್ಲಿ ಒಬ್ಬ, ಅದೃಷ್ಟವಂತ!

ಈಗ ಯಾರಾದರೂ ಕೇಳಿದರೆ ನಾನು ಹೇಳೋದು ಒಂದೇ: ಬೇರೆ ಊರಿನ ಇಬ್ಬರು ಸ್ನೇಹಿತರನ್ನು ಅದೇ ಚಾನೆಲ್‌ಗೆ ಸೇರಿಸಿ, ಮೂವರೂ ಮೆಸೇಜ್ ಹೋಲಿಸಿ ನೋಡಿ. ಹಳೇ ಮೆಸೇಜ್ ಅವನು ಅಳಿಸಿಬಿಡ್ತಾನೆ, ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೀರಿ. ಗಿಫ್ಟ್ ಕಾರ್ಡ್ ಇಲ್ಲಾ ಕ್ರಿಪ್ಟೋದಲ್ಲಿ ಕೊಡಿ ಅಂದರೆ ಅಲ್ಲಿಗೆ ಮುಗೀತು, ಆ ದುಡ್ಡು ಬರಲ್ಲ. ನನ್ನದು ಬಂದಿಲ್ಲ.

ನನ್ನ ಗೆಳೆಯ ಮಾತ್ರ ಒಪ್ಪಲಿಲ್ಲ. ಗೆದ್ದಿದ್ದನಲ್ಲ, "ನಿಂಗೆ ತಪ್ಪಾಗಿ ಕಳಿಸಿರ್ತಾನೆ ಬಿಡೋ" ಅಂದ. ವಾರ ಕಳೆಯೋದರಲ್ಲಿ ಐಪಿಎಲ್ ಶುರು, ಅವನು ಆ ಪ್ಯಾಕೇಜೂ ತಗೊಂಡ. ಮಾರ್ಚ್ 31ರ ಮೊದಲ ಪಂದ್ಯಕ್ಕೆ ನನಗೆ "ಹಳೇ ಗ್ರಾಹಕರಿಗೆ ಫ್ರೀ" ಅಂತ ಗುಜರಾತ್ ಹೆಸರು ಬಂತು, ಸ್ಕ್ರೀನ್‌ಶಾಟ್ ತೆಗೆದು ಗೆಳೆಯನಿಗೆ ಕಳಿಸಿದೆ. ದುಡ್ಡು ಕಟ್ಟಿದ್ದ ಅವನಿಗೆ ಚೆನ್ನೈ. ಗುಜರಾತ್ ಐದು ವಿಕೆಟ್‌ನಿಂದ ಗೆದ್ದಿತು. ಮಧ್ಯಾಹ್ನ ಮೀಟಿಂಗ್‌ನಲ್ಲಿದ್ದಾಗ ಅವನ ಫೋನ್ ಬಂತು, ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೆಸೇಜ್: "ಆ ಸ್ಕ್ರೀನ್‌ಶಾಟ್ ಇನ್ನೊಂದ್ಸಲ ಕಳಿಸೋ."