ನರ್ಸಿಂಗ್ ಪ್ರಬಂಧ: ವಾರ್ಡಿನಲ್ಲೋ, ಊರಿನಲ್ಲೋ?

ಎಂ.ಎಸ್ಸಿ ನರ್ಸಿಂಗ್ ಇರುವುದೇ 2 ವರ್ಷ. ಸಂಶೋಧನಾ ಪ್ರಬಂಧವೂ ಅಷ್ಟರಲ್ಲೇ ಮುಗಿಯಬೇಕು. ಅದನ್ನು ಆಸ್ಪತ್ರೆಯಲ್ಲಿ ಮಾಡಬೇಕಾ, ಊರಿಗೆ ಹೋಗಬೇಕಾ?

ವಾರ್ಡಿನಲ್ಲಿ ಕೆಲಸ ಬೇಗ ಸಾಗುತ್ತದೆ. ರೋಗಿಗಳು ಅಲ್ಲೇ ಇರುತ್ತಾರೆ, ಕೇಸ್ ಶೀಟೂ ಸಿಗುತ್ತದೆ. ಆದರೆ ಮನೆಗೆ ಹೋದ ಮೇಲೆ ಮಾತ್ರೆ ತಗೊಂಡರಾ ಇಲ್ವಾ, ತಿಳಿಯುವುದು ಕಷ್ಟ.

ಊರಿನಲ್ಲಿ ಓಡಾಟ ಜಾಸ್ತಿ. ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಎರಡಕ್ಕೂ ಬೇಕು. ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನೂ ಕೇಳಬೇಕು. ಬೆಳಗ್ಗೆ 10ಕ್ಕೆ ಹೋದರೆ ಮನೆಗೆ ಬೀಗ, ಎಲ್ಲರೂ ಹೊಲದಲ್ಲಿ. "ಸಂಜೆ ಡೇರಿಗೆ ಹಾಲು ಹಾಕೋಕೆ ಬರ್ತಾರೆ, ಆಗ ಬನ್ನಿ ಮೇಡಂ" ಅಂತ ಆಶಾ ಅಕ್ಕನೇ ದಾರಿ ತೋರಿಸುತ್ತಾರೆ. 2005ರಲ್ಲಿ ಶುರುವಾದ ಆಶಾ ವ್ಯವಸ್ಥೆಯ ಬಲವೇ ಅದು, ಅವರು ಅದೇ ಊರಿನವರು ಅಲ್ವಾ. ಅರ್ಧ ಮಾತ್ರೆ ಹಾಗೇ ಉಳಿದ ಶೀಟು ಗೂಡಿನಲ್ಲಿ ಕಾಣುವುದು ಇಲ್ಲೇ.

ಆಪರೇಷನ್ ನಂತರದ ನೋವು, ಗಾಯದ ಡ್ರೆಸಿಂಗ್ ನಿಮ್ಮ ವಿಷಯವಾದರೆ ವಾರ್ಡೇ ಸರಿ. ಬಿಪಿ, ಶುಗರ್, ಬಾಣಂತಿ ಆರೈಕೆಗೆ ನಾನಂತೂ ಊರನ್ನೇ ಆರಿಸುತ್ತೇನೆ. ಪ್ರಶ್ನೆಗಳನ್ನು ಮೊದಲು ಆಶಾ ಅಕ್ಕನಿಗೆ ಓದಿ ಹೇಳಿ. "ರಕ್ತದೊತ್ತಡ" ಅಂದರೆ ಅಜ್ಜಿ ಸುಮ್ನೆ ನೋಡುತ್ತಾರೆ. "ಬಿಪಿ" ಅಂದರೆ ಮಾತು ಶುರುವಾಗುತ್ತದೆ.